ಅವ್ವನ ಹೆಬ್ಬೆಟ್ಟಿಗೆ ಕೀಲಿ

ಇಳಕಲ್ಲಿನಲ್ಲಿರುವ ನಮ್ಮ ಅವ್ವ ಬ್ಯಾಂಕಿಗೆ ಹೋಗುವುದು ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ, ಅದೂ ಪಾಸ್‌ಬುಕ್ಕಿನಲ್ಲಿ ಸಾಲು ಮುದ್ರಿಸಿಕೊಂಡು ಬರುವುದಕ್ಕೆ ಮಾತ್ರ. 2024ರ ಜುಲೈ 31ರಂದು ಹಾಗೆ ತಂದ ಪುಟದಲ್ಲಿ ಮೂರು ಸಾಲುಗಳು ಅವಳಿಗೆ ಅರ್ಥವಾಗಲಿಲ್ಲ. ಜುಲೈ 12ರಂದು ₹10,000, ಅದೇ ದಿನ ಮತ್ತೊಮ್ಮೆ ₹10,000, ಮರುದಿನ ₹7,500. ಗೃಹಲಕ್ಷ್ಮಿಯ ಎರಡೆರಡು ಸಾವಿರ, ಸೀರೆ ನೇಯ್ದ ಕೂಲಿ, ಅಕ್ಕಿಯ ಬದಲು ಬರುತ್ತಿದ್ದ ಅನ್ನಭಾಗ್ಯದ ನಗದು ಎಲ್ಲ ಸೇರಿಸಿ ಕೂಡಿಟ್ಟಿದ್ದ ದುಡ್ಡಿನಲ್ಲಿ ಉಳಿದದ್ದು ಆರುನೂರು ಚಿಲ್ಲರೆ. ಪಕ್ಕದ ಮನೆಯ ಹುಡುಗನಿಂದ ಆ ಪುಟದ ಫೋಟೊ ತೆಗೆಸಿ ನನಗೆ ಕಳಿಸಿದ ಮೇಲೆ ಅವಳು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ತಮ್ಮಾ, ನೀ ಏನರ ತಗೊಂಡೀ ಏನೋ?" ಎಂಬುದಾಗಿತ್ತು. ಬೈಗುಳವಿಲ್ಲದ ಆ ಪ್ರಶ್ನೆಯಲ್ಲಿ, ನಾನು ಹೌದೆಂದರೆ ಸಾಕು ಎಂಬ ಆಸೆಯಿತ್ತು.

ನಾನು ಬಾಗಲಕೋಟೆಯ ನವನಗರದಲ್ಲಿ ಖಾಸಗಿ ಕಾಲೇಜೊಂದರ ಗುಮಾಸ್ತ. ಪ್ರತಿವರ್ಷ ನೂರಾರು ವಿದ್ಯಾರ್ಥಿಗಳ ಆಧಾರ್ ಜೆರಾಕ್ಸ್‌ಗಳನ್ನು ಫೈಲಿಗೆ ಸೇರಿಸುವುದು ನನ್ನದೇ ಕೆಲಸವಾದ್ದರಿಂದ, ಆ ಮೂರೂ ಸಾಲುಗಳ ಎದುರಿಗಿದ್ದ ಎಇಪಿಎಸ್ ಎಂಬ ಅಕ್ಷರಗಳು ನನಗೆ ಅಪರಿಚಿತವಾಗಿರಲಿಲ್ಲ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಸಂಕ್ಷಿಪ್ತ ಹೆಸರು ಅದು. ಬ್ಯಾಂಕಿನ ಪರವಾಗಿ ಊರಲ್ಲೇ ಹಣ ಕೊಡುವ ಏಜೆಂಟ್, ಅಂದರೆ ಬ್ಯಾಂಕ್ ಮಿತ್ರನ ಕೈಯಲ್ಲಿರುವ ಸಣ್ಣ ಯಂತ್ರದಲ್ಲಿ ಬ್ಯಾಂಕಿನ ಹೆಸರು ಆರಿಸಿ, ಆಧಾರ್ ಸಂಖ್ಯೆ ಒತ್ತಿ, ಬೆರಳಿಟ್ಟರೆ ಒಂದು ಸಲಕ್ಕೆ ಹತ್ತು ಸಾವಿರದವರೆಗೆ ನಗದು ಸಿಗುತ್ತದೆ. ಕಾರ್ಡು ಬೇಡ, ಪಿನ್ ಬೇಡ, ಓಟಿಪಿಯೂ ಬೇಡ. ಎಟಿಎಂ ಇಲ್ಲದ ಹಳ್ಳಿಗಳಲ್ಲಿ ಇದು ನಿಜವಾಗಿಯೂ ಉಪಕಾರಿ. ಹುನಗುಂದದ ಕಡೆಯ ನಮ್ಮ ಸಣ್ಣವ್ವ ಬಸ್ ಚಾರ್ಜಿಲ್ಲದೆ ಪಿಂಚಣಿ ಪಡೆಯುವುದು ಇದರಿಂದಲೇ. ಆದರೆ ಆಧಾರ್ ಸಂಖ್ಯೆಯೂ ಬೆರಳಚ್ಚಿನ ಒಂದು ಸ್ಪಷ್ಟ ಚಿತ್ರವೂ ಒಂದೇ ಕೈಗೆ ಸಿಕ್ಕರೆ, ಸಿಲಿಕಾನಿನಲ್ಲಿ ಆ ಬೆರಳನ್ನು ಅಚ್ಚುಹಾಕಿ ಇದೇ ಬಾಗಿಲಿನಿಂದ ಹಣ ತೆಗೆಯಬಹುದು. ನೋಂದಾಯಿತ ಆಸ್ತಿಪತ್ರಗಳ ಪ್ರತಿಗಳಿಂದ ಬೆರಳಚ್ಚು ಎತ್ತಿ ಹೀಗೆ ವಂಚಿಸಿದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲಿಯೇ ಸುದ್ದಿಯಾಗಿದ್ದವು. ಓದಿ ಪುಟ ತಿರುವಿದವರಲ್ಲಿ ನಾನೂ ಒಬ್ಬ.

ಅಂದು ಸಂಜೆಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆದೆ. ಹಣ ಹೋದ ಒಂದೆರಡು ತಾಸಿನೊಳಗೆ ಈ ಸಂಖ್ಯೆಗೆ ತಿಳಿಸಿದರೆ ಅದು ಮುಂದಿನ ಖಾತೆಯಲ್ಲಿರುವಾಗಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ನಾವು ತಿಳಿಸಿದ್ದು ಹತ್ತೊಂಬತ್ತು ದಿನ ತಡವಾಗಿ, ಅದೂ ನಗದಾಗಿ ಹೋದ ಹಣದ ಬಗ್ಗೆ. ಮರುದಿನ ಅವ್ವನನ್ನು ಕರೆಸಿಕೊಂಡು ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಬಾಗಲಕೋಟೆಯ ಸಿಇಎನ್ ಪೊಲೀಸ್ ಠಾಣೆಗೆ ಹೋದೆವು. ಅಲ್ಲಿ ಹೇಳಿಕೆ ಬರೆದುಕೊಂಡ ಸಿಬ್ಬಂದಿ ಕೊನೆಗೆ ಒಂದು ಸಾದಾ ಪ್ರಶ್ನೆ ಕೇಳಿದರು: "ಜುಲೈ 12ಕ್ಕ ನೀವು ಎಲ್ಲಿದ್ರಿ, ಅವ್ವಾರ?" ಅವ್ವ ಸ್ವಲ್ಪ ಯೋಚಿಸಿ, "ರೇಷನ್ ಅಂಗಡಿ ಮುಂದ ಪಾಳಿ ಹಚ್ಚಿದ್ನಿರಿ, ಹೆಬ್ಬಟ್ಟ ಬರಲಿಲ್ಲಂತ ಹೊಳ್ಳಿ ಬಂದೆ" ಎಂದಳು. ಆ ಮಾತಿನ ಬೆಲೆ ಆಗ ಅವಳಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ಬ್ಯಾಂಕಿನಲ್ಲಿ (ಅದರ ಹೆಸರು ಇಲ್ಲಿ ಬೇಡ) ನಮಗೆ ಸಿಕ್ಕ ಉತ್ತರ ಚುಟುಕಾಗಿತ್ತು. ಬೆರಳಚ್ಚು ಹೊಂದಿಕೆಯಾಗಿದೆ, ಆದ್ದರಿಂದ ಹಣ ತೆಗೆದವರು ಖಾತೆದಾರರೇ. ಅಲ್ಲದೆ ಪ್ರತಿ ಸಲವೂ ಎಸ್ಸೆಮ್ಮೆಸ್ ಹೋಗಿದೆ. ಅವ್ವ ತನ್ನ ಬಲಗೈಯನ್ನು ಕೌಂಟರಿನ ಮೇಲೆ ಅಂಗಾತ ಇಟ್ಟು, "ನನ್ನ ಬಟ್ಟು ನನ್ನ ಕೈಯಾಗ ಐತಲ್ರೀ, ಅವರ ಕೈಗೆ ಹೆಂಗ ಹೋತು?" ಎಂದು ಕೇಳಿದಳು. ಗಾಜಿನ ಆಚೆಗಿದ್ದವರು ಆ ಕೈಯನ್ನು ನೋಡಲಿಲ್ಲ. ನಲವತ್ತು ವರ್ಷ ಕಂಡಿಕೆ ಸುತ್ತಿ, ನೂಲಿಗೆ ನೂಲು ಹೊಸೆದು, ಕುಣಿಮಗ್ಗದಲ್ಲಿ ಕೂತ ಆ ಕೈಯ ಹೆಬ್ಬೆಟ್ಟಿನ ಗೆರೆಗಳು ಸವೆದು ನುಣ್ಣಗಾಗಿವೆ. ರೇಷನ್ ಅಂಗಡಿಯ ಯಂತ್ರಕ್ಕೆ ತಿಂಗಳು ತಿಂಗಳೂ ಒಪ್ಪಿಗೆಯಾಗದ ಬೆರಳು ಅದು. ಯಾವತ್ತೋ, ಗೆರೆಗಳು ಇನ್ನೂ ಇದ್ದ ಕಾಲದಲ್ಲಿ ಶಾಯಿಯಲ್ಲಿಯೋ ಸ್ಕ್ಯಾನರಿನಲ್ಲಿಯೋ ಮೂಡಿದ ಅದರ ಪ್ರತಿ ಮಾತ್ರ ಒಂದೇ ಸಲಕ್ಕೆ ಒಪ್ಪಿಗೆಯಾಗಿತ್ತು.

ಎಸ್ಸೆಮ್ಮೆಸ್ ಹೋಗಿದೆ ಎಂಬ ಮಾತು ಮಾತ್ರ ಸುಳ್ಳಾಗಿರಲಿಲ್ಲ. ಖಾತೆಗೂ ಆಧಾರಿಗೂ ಜೋಡಿಸಿದ್ದು ನಮ್ಮ ಅಪ್ಪನ ಮೊಬೈಲ್ ಸಂಖ್ಯೆ. ಅಪ್ಪ 2021ರಲ್ಲಿ ತೀರಿಕೊಂಡ ಮೇಲೆ ಆ ಸಿಮ್ಮಿಗೆ ಯಾರೂ ರೀಚಾರ್ಜ್ ಮಾಡಲಿಲ್ಲ. ತೊಂಬತ್ತು ದಿನ ಬಳಕೆಯಿಲ್ಲದ ಸಂಖ್ಯೆಯನ್ನು ಕಂಪನಿಗಳು ರದ್ದು ಮಾಡಬಹುದು, ಆಮೇಲೆ ಅದು ಹೊಸ ಗ್ರಾಹಕನಿಗೆ ಹೋಗುತ್ತದೆ. ಇದು ಗೊತ್ತಿದ್ದೂ ಸಂಖ್ಯೆ ಬದಲಿಸದೆ ಬಿಟ್ಟದ್ದು ನನ್ನ ತಪ್ಪು. ಅಂದು ರಾತ್ರಿ ಧೈರ್ಯ ಮಾಡಿ ಅಪ್ಪನ ಸಂಖ್ಯೆಗೆ ಫೋನ್ ಮಾಡಿದೆ. ಎತ್ತಿಕೊಂಡವನು ವಿಜಯಪುರದ ಕಡೆಯ ಒಬ್ಬ ಟ್ರ್ಯಾಕ್ಟರ್ ಚಾಲಕ. ವಿಷಯ ಹೇಳುತ್ತಿದ್ದಂತೆಯೇ ಆತ, "ಹೌದ್ರಿ ಸರ, ಯಾರೋ ಅಕ್ಕೋರ ಬ್ಯಾಂಕಿನ ಮೆಸೇಜ್ ಬರತಾವ್ರಿ. ತಿಂಗಳ ತಿಂಗಳ ಎರಡ ಸಾವಿರ ಜಮಾ ಆಕ್ಕಾವು. ಮೊನ್ನಿ ಪೂರಾ ತಗದಾರ. ಮದವಿ ಇರಬೇಕು ಅಂದ್ಕೊಂಡಿದ್ನಿ" ಎಂದ. ಎರಡು ವರ್ಷದಿಂದ ನಮ್ಮ ಮನೆಯ ಜಮಾಖರ್ಚನ್ನು ನಮಗಿಂತ ಚೆನ್ನಾಗಿ ತಿಳಿದಿದ್ದ ಆ ಅಪರಿಚಿತ, ಕೇಳಿದ ಕೂಡಲೇ ಮೂರೂ ಸಂದೇಶಗಳ ಚಿತ್ರವನ್ನು ಕಳಿಸಿಕೊಟ್ಟ. ಅವನ ಜಾಗದಲ್ಲಿ ಬೇರೆಯವನಿದ್ದರೆ ಅವ್ವನ ಆಧಾರಿನ ಓಟಿಪಿಗಳೆಲ್ಲ ಅವನ ಕೈಯಲ್ಲಿರುತ್ತಿದ್ದವು ಎಂಬ ವಿಚಾರ ಬಂದದ್ದು ಫೋನ್ ಇಟ್ಟ ಮೇಲೆ.

ಹಾಗಾಗಿ ಆಧಾರಿಗೆ ಕೀಲಿ ಹಾಕುವ ಮೊದಲು ಕೀಲಿಕೈಯನ್ನು ನಮ್ಮ ಕಡೆಗೆ ತಂದುಕೊಳ್ಳಬೇಕಿತ್ತು. ಬೆರಳು, ಕಣ್ಣಿನ ಗುರುತನ್ನು ಯಾರೂ ಬಳಸದಂತೆ ಮುಚ್ಚುವ ಬಯೊಮೆಟ್ರಿಕ್ ಲಾಕ್ ಹಾಕಲು ನೋಂದಾಯಿತ ಮೊಬೈಲಿಗೆ ಬರುವ ಓಟಿಪಿ ಬೇಕು. ಮೊಬೈಲ್ ಸಂಖ್ಯೆ ಬದಲಿಸಲು ಆಗ ಆಧಾರ್ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕಿತ್ತು. ಅಲ್ಲಿ ಗುರುತು ಹಿಡಿಯುವುದು ಬೆರಳಿನಿಂದ. ಕಾಗದಪತ್ರವೇನೂ ಬೇಡ, ಆಗಿನ ಐವತ್ತು ರೂಪಾಯಿ ಶುಲ್ಕ, ಒಂದು ಅರ್ಜಿ, ಅಷ್ಟೇ. ಆದರೆ ಅವ್ವನ ಹತ್ತು ಬೆರಳುಗಳಲ್ಲಿ ಒಂದೂ ಓಡಲಿಲ್ಲ. ಕೇಂದ್ರದ ಹುಡುಗಿ ಒದ್ದೆ ಬಟ್ಟೆಯಿಂದ ಒರೆಸಿದಳು, ಒಣಬಟ್ಟೆಯಿಂದ ಒರೆಸಿದಳು, ಕೊನೆಗೆ ತಲೆಗೂದಲಿಗೆ ಒರೆಸಿಕೊಳ್ಳಿ ಎಂದಳು (ಎಣ್ಣೆಯ ಪಸೆಗೆ ಗೆರೆ ಏಳುತ್ತವೆಯಂತೆ, ರೇಷನ್ ಅಂಗಡಿಯವರಿಗೂ ಗೊತ್ತಿರುವ ಉಪಾಯ). ಕಡೆಗೆ ಕಣ್ಣಿನ ಪಾಪೆಯ ಯಂತ್ರ ತೆಗೆದು ಹಿಡಿದಾಗ ಒಂದೇ ಸಲಕ್ಕೆ ಕೆಲಸವಾಯಿತು. ಅವ್ವನ ಸ್ವಂತ ಕೀಪ್ಯಾಡ್ ಫೋನಿನ ಸಂಖ್ಯೆ ಆಧಾರಿಗೆ ಸೇರಿದ್ದು ಕೆಲವು ದಿನಗಳ ನಂತರ. ಬ್ಯಾಂಕಿನಲ್ಲಿಯೂ ಅದೇ ಸಂಖ್ಯೆ ಕೊಟ್ಟು, ಆಧಾರ್ ಮೂಲಕ ನಗದು ತೆಗೆಯುವ ಸೌಲಭ್ಯವನ್ನು ಈ ಖಾತೆಗೆ ನಿಲ್ಲಿಸುವಂತೆ ಲಿಖಿತ ಅರ್ಜಿ ಕೊಟ್ಟೆವು. ಆಧಾರ್ ಜೋಡಣೆಯನ್ನೇ ಕಿತ್ತುಹಾಕಿ ಎಂದು ಅಲ್ಲಿ ಒಬ್ಬರು ಸಲಹೆ ಕೊಟ್ಟರು. ಅದನ್ನು ಕೇಳದಿದ್ದುದು ಒಳ್ಳೆಯದಾಯಿತು, ಏಕೆಂದರೆ ಗೃಹಲಕ್ಷ್ಮಿಯಂಥ ನೇರ ವರ್ಗಾವಣೆಯ ಹಣ ಖಾತೆಯ ದಾರಿ ಹಿಡಿಯುವುದೇ ಆ ಜೋಡಣೆಯಿಂದ. ಹಣ ಒಳಗೆ ಬರುವ ದಾರಿ ಬೇರೆ, ಬೆರಳಿಟ್ಟು ಹೊರಗೆ ತೆಗೆಯುವ ದಾರಿ ಬೇರೆ; ಎರಡಕ್ಕೂ ಆಧಾರ್ ಎಂಬ ಒಂದೇ ಹೆಸರಿರುವುದರಿಂದ ಬ್ಯಾಂಕಿನ ಒಳಗೂ ಹೊರಗೂ ಜನ ಎರಡನ್ನೂ ಒಂದೇ ಎಂದು ತಿಳಿಯುತ್ತಾರೆ.

ಹೊಸ ಸಂಖ್ಯೆಗೆ ಓಟಿಪಿ ಬರತೊಡಗಿದ ದಿನ ನಾನು ಮೊದಲು ತೆರೆದದ್ದು ಆಧಾರ್ ಜಾಲತಾಣದಲ್ಲಿರುವ ದೃಢೀಕರಣ ಇತಿಹಾಸ. ನಮ್ಮ ಆಧಾರ್ ಸಂಖ್ಯೆಯನ್ನು ಯಾರು, ಯಾವ ದಿನ, ಎಷ್ಟು ಗಂಟೆಗೆ, ಬೆರಳಿನಿಂದಲೋ ಓಟಿಪಿಯಿಂದಲೋ ಪರೀಕ್ಷಿಸಿದರು ಎಂಬುದರ ಪಟ್ಟಿ ಅದು. ಹಿಂದಿನ ಆರು ತಿಂಗಳದು, ಒಂದು ಸಲಕ್ಕೆ ಐವತ್ತು ಸಾಲಿನವರೆಗೆ ಕಾಣುತ್ತದೆ. ಇಂಥದ್ದೊಂದು ಇದೆ ಎಂದು ನನ್ನ ಪರಿಚಯದವರಲ್ಲಿ ಹತ್ತಕ್ಕೆ ಒಬ್ಬರಿಗೂ ಗೊತ್ತಿರಲಿಲ್ಲ. ಪಟ್ಟಿಯ ತುಂಬ 300 ಎಂಬ ದೋಷಸಂಖ್ಯೆ: ಬೆರಳಚ್ಚು ಹೊಂದಲಿಲ್ಲ. ಅವೆಲ್ಲ ರೇಷನ್ ಅಂಗಡಿಯ ಸಾಲುಗಳು. ನಮ್ಮ ಅವ್ವ ತಿಂಗಳಿಗೆ ಐದಾರು ಸಲ ತಾನು ತಾನೇ ಎಂದು ಸಾಬೀತು ಮಾಡಲಾಗದೆ ಮನೆಗೆ ಮರಳಿದ ಲೆಕ್ಕ. ಜುಲೈ 12ರ ಹತ್ತಿರ ಬಂದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಬೆಳಿಗ್ಗೆ 11 ದಾಟಿದ ಮೇಲೆ ಆಹಾರ ಇಲಾಖೆಯ ಹೆಸರಿನಲ್ಲಿ ಮೂರು ಸಲ 300. ಆ ಮೂರನೆಯದು ಮುಗಿದ ಇಪ್ಪತ್ತು ನಿಮಿಷಕ್ಕೆ ಒಂದು ಬ್ಯಾಂಕಿನ ಹೆಸರಿನಲ್ಲಿ ಬೆರಳಚ್ಚು, ಯಶಸ್ವಿ. ಅದಾಗಿ ನಾಲ್ಕು ನಿಮಿಷಕ್ಕೆ ಮತ್ತೊಂದು, ಯಶಸ್ವಿ.

ಆ ಪುಟವನ್ನು ಮುದ್ರಿಸಿಕೊಂಡು ಬ್ಯಾಂಕಿಗೆ ಪತ್ರ ಬರೆದೆ. ಅನಧಿಕೃತ ಎಲೆಕ್ಟ್ರಾನಿಕ್ ವಹಿವಾಟುಗಳಲ್ಲಿ ಗ್ರಾಹಕರ ಹೊಣೆ ಎಷ್ಟು ಎಂಬುದನ್ನು ರಿಸರ್ವ್ ಬ್ಯಾಂಕ್ ಆಗ ಜಾರಿಯಲ್ಲಿದ್ದ 2017ರ ಜುಲೈ 6ರ ಸುತ್ತೋಲೆಯಲ್ಲಿ ಬಿಡಿಸಿ ಹೇಳಿತ್ತು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ಮೂರನೆಯವರದು ಎಂದಾದಾಗ, ಬ್ಯಾಂಕಿನಿಂದ ಮಾಹಿತಿ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಸೊನ್ನೆ. ತಿಳಿಸಿದ ಹತ್ತು ಕೆಲಸದ ದಿನಗಳಲ್ಲಿ ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು. ಗ್ರಾಹಕನದೇ ತಪ್ಪು ಎಂದು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲೆ. ನಮ್ಮ ವಾದ ಎರಡು ಮಾತಿನದು. ಅವ್ವನಿಗೆ ಮಾಹಿತಿ ತಲುಪಿದ್ದೇ ಪಾಸ್‌ಬುಕ್ ಮುದ್ರಿಸಿದ ದಿನ, ಅಂದೇ ತಿಳಿಸಿದ್ದೇವೆ. ಅದಕ್ಕಿಂತ ಮುಖ್ಯವಾಗಿ, ಹಣ ಹೋದದ್ದು ಬೇರೊಂದು ರಾಜ್ಯದ ಬ್ಯಾಂಕ್ ಮಿತ್ರನ ಯಂತ್ರದಿಂದ ಎಂದು ಬ್ಯಾಂಕೇ ತನ್ನ ಮೊದಲ ಉತ್ತರದಲ್ಲಿ ಬರೆದಿತ್ತು; ಇಳಕಲ್ಲಿನ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದ ಹೆಣ್ಣುಮಗಳು ಇಪ್ಪತ್ತು ನಿಮಿಷದಲ್ಲಿ ಅಲ್ಲಿಗೆ ಹೋಗುವ ಬಸ್ಸು ಇನ್ನೂ ಬಂದಿಲ್ಲ. (ಈ ಕೊನೆಯ ವಾಕ್ಯವನ್ನು ಪತ್ರದಲ್ಲಿ ಬರೆದು, ಆಮೇಲೆ ಹೊಡೆದುಹಾಕಿದೆ.)

ಹತ್ತು ದಿನದಲ್ಲಿ ಜಮಾ ಆಗಲಿಲ್ಲ. ಮೂವತ್ತು ದಿನ ಕಳೆದರೂ ಸರಿಯಾದ ಉತ್ತರ ಬರದಿದ್ದರೆ ಗ್ರಾಹಕರ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದೆಂದು ಆಗಿನ 2021ರ ಸಮಗ್ರ ಯೋಜನೆ ಹೇಳುತ್ತಿತ್ತು. ಮೂವತ್ತೊಂದನೆಯ ದಿನ ಜಾಲತಾಣದಲ್ಲಿ ದೂರು ಹಾಕಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಆ ಬಳಿಕ ಬ್ಯಾಂಕಿನಿಂದಲೇ ಫೋನ್ ಬರತೊಡಗಿತು, ಅಕ್ಟೋಬರಿನ ಒಂದು ದಿನ ₹27,500 ಜಮಾ ಆಯಿತು. ತಪ್ಪಾಯಿತು ಎಂಬ ಒಂದು ಸಾಲು ಅದರ ಜೊತೆಗೆ ಬರಲಿಲ್ಲ. ಹಣ ತೆಗೆದವರು ಸಿಕ್ಕಿಲ್ಲ.

ಇದರ ನಡುವೆ ಒಂದು ರಾತ್ರಿ, ಈ ಬೆರಳು ಎಲ್ಲೆಲ್ಲಿ ಒತ್ತಿದ್ದೀ ಎಂದು ಅವ್ವನನ್ನು ಕೇಳಿದೆ. ಅವಳು ಕಂಡಿಕೆ ಸುತ್ತುತ್ತಲೇ ನೆನಪು ಮಾಡಿಕೊಂಡಳು. ಆಧಾರ್ ಮಾಡಿಸುವಾಗ. ಬ್ಯಾಂಕ್ ಖಾತೆ ತೆರೆಯುವಾಗ. ಸಿಮ್ ತರುವಾಗ, ಅದು ಎರಡು ಸಲ, ಮೊದಲ ಸಲ ಬರಲಿಲ್ಲವೆಂದು. ರೇಷನ್ ಕಾರ್ಡಿನ ಇಕೆವೈಸಿಗೆ. ಸಂಘದ ಸಾಲಕ್ಕೆ. ಅಪ್ಪ ಹೋದ ಮೇಲೆ ಖುಲ್ಲಾ ಜಾಗ ಮಾರುವಾಗ ನೋಂದಣಿಗೆ. ಗ್ಯಾಸಿಗೆ. ಅಡ್ಡಾಡುತ್ತ ಬಂದ ಯಾರೋ ಹುಡುಗರು ವಿಮೆ ಮಾಡಿಸುತ್ತೇವೆಂದು ಕಟ್ಟೆಯ ಮೇಲೆ ಕೂತು ಯಂತ್ರ ತೆಗೆದಾಗ. ಈ ಕೊನೆಯದನ್ನು ಹೇಳಿ ಅವಳೇ ಸುಮ್ಮನಾದಳು. ಎಲ್ಲದಕ್ಕೂ ಜೊತೆಯಲ್ಲಿ ಆಧಾರಿನ ಜೆರಾಕ್ಸ್ ಕೊಟ್ಟದ್ದುಂಟು, ಹನ್ನೆರಡೂ ಅಂಕಿ ಕಾಣುವಂಥದ್ದು. ಕೊನೆಯ ನಾಲ್ಕು ಅಂಕಿ ಮಾತ್ರ ತೋರಿಸುವ ಮುಸುಕಿದ ಆಧಾರನ್ನು ಅದೇ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಜೆರಾಕ್ಸನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ, ಮುಸುಕಿದ್ದನ್ನೇ ಕೊಡಿ ಎಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ 2022ರ ಮೇ 27ರಂದು ಎಚ್ಚರಿಸಿತ್ತು. ಜನ ತಪ್ಪು ತಿಳಿಯಬಹುದೆಂದು ಎರಡೇ ದಿನದಲ್ಲಿ, ಮೇ 29ರಂದು, ಆ ಪ್ರಕಟಣೆಯನ್ನು ಹಿಂದಕ್ಕೆ ಪಡೆಯಲಾಯಿತು. ಎಚ್ಚರಿಕೆ ಹಿಂದೆ ಹೋದರೂ ಅದರಲ್ಲಿದ್ದ ಸಲಹೆ ಸರಿಯಾಗಿಯೇ ಇತ್ತು ಎಂದು ನನ್ನ ಅಭಿಪ್ರಾಯ. ನಮ್ಮ ಕಾಲೇಜಿನ ಕಪಾಟಿನಲ್ಲಿ ನಾನೇ ಜೋಡಿಸಿಟ್ಟ ಫೈಲುಗಳನ್ನು ಈಗ ಬೇರೆ ಕಣ್ಣಿನಿಂದ ನೋಡುತ್ತೇನೆ, ಈ ವರ್ಷದ ಪ್ರವೇಶದಿಂದ ಮುಸುಕಿದ ಪ್ರತಿಯನ್ನೇ ಕೇಳುತ್ತಿದ್ದೇನೆ.

ಕೀಲಿ ಹಾಕುವ ಕೆಲಸಕ್ಕೆ ಹಿಡಿದದ್ದು ಎರಡು ನಿಮಿಷ. ಆಧಾರ್ ಸಂಖ್ಯೆಯನ್ನೇ ಮುಚ್ಚಿ ಹದಿನಾರು ಅಂಕಿಯ ವರ್ಚುವಲ್ ಸಂಖ್ಯೆಯಿಂದ ವ್ಯವಹರಿಸುವ ಇನ್ನೊಂದು ಬಗೆಯೂ ಇದೆ. ಅಷ್ಟು ಅಂಕಿಯನ್ನು ಅವ್ವನ ತಲೆಯ ಮೇಲೆ ಹೊರಿಸುವುದು ಬೇಡವೆಂದು ಬಯೊಮೆಟ್ರಿಕ್ ಲಾಕ್ ಮಾತ್ರ ಹಾಕಿದೆ. ಅದರಿಂದ ಬೆರಳು, ಕಣ್ಣಿನ ಪಾಪೆ, ಮುಖ ಮೂರೂ ಮುಚ್ಚುತ್ತವೆ, ಓಟಿಪಿ ಮಾತ್ರ ನಡೆಯುತ್ತದೆ. ಗೃಹಲಕ್ಷ್ಮಿ ನಿಂತುಹೋದರೆ ಎಂಬುದು ಅವಳ ಹೆದರಿಕೆ. ಹಣ ಬರುವುದಕ್ಕೆ ಬೆರಳು ಬೇಕಿಲ್ಲವೆಂದು ಮುಂದಿನ ತಿಂಗಳು ಎರಡು ಸಾವಿರ ಜಮಾ ಆದಾಗಲೇ ನಂಬಿದಳು.

ನಿಜವಾದ ತೊಡಕು ಬಂದದ್ದು ರೇಷನ್ ದಿನ. ಬೇಕಾದಾಗ ಕೀಲಿಯನ್ನು ತಾತ್ಕಾಲಿಕವಾಗಿ ತೆಗೆಯಬಹುದು, ಹತ್ತು ನಿಮಿಷದಲ್ಲಿ ಅದು ತಾನಾಗಿಯೇ ಮತ್ತೆ ಬೀಳುತ್ತದೆ. ಅವ್ವ ಪಾಳಿಯಲ್ಲಿ ನಿಂತು ನನಗೆ ಫೋನ್ ಮಾಡುವುದು, ನಾನು ಕಾಲೇಜಿನ ಕಂಪ್ಯೂಟರಿನಲ್ಲಿ ಜಾಲತಾಣ ತೆರೆಯುವುದು, ಅವಳ ಫೋನಿಗೆ ಬಂದ ಓಟಿಪಿಯನ್ನು ಅವಳು ಓದಿ ಹೇಳುವುದು. ಯಾರಿಗೂ ಓಟಿಪಿ ಹೇಳಬೇಡ ಎಂದು ಮೂರು ತಿಂಗಳು ಪಾಠ ಮಾಡಿದವನು ನಾನೇ, ಈಗ ಆರು ಅಂಕಿಯನ್ನು ಬಜಾರಿನ ನಡುವೆ ಗಟ್ಟಿಯಾಗಿ ಓದಿಸುತ್ತಿದ್ದವನೂ ನಾನೇ. ಮೊದಲ ತಿಂಗಳು ಅಂಗಡಿಯ ಸರ್ವರ್ ನಿಧಾನವಾಗಿ ಹತ್ತು ನಿಮಿಷ ಮುಗಿದೇ ಹೋಯಿತು, ಯಂತ್ರದಲ್ಲಿ 330 ಎಂದು ಬಂತು. ಕೀಲಿ ಬಿದ್ದಿದೆ ಎಂಬುದರ ಸಂಕೇತ ಅದು. ಎರಡನೆಯ ತಿಂಗಳು ನಾನು ಪರೀಕ್ಷಾ ಕೆಲಸದಲ್ಲಿದ್ದೆ, ಫೋನ್ ಎತ್ತಲಿಲ್ಲ. ಸಂಜೆ ಮರಳಿ ಫೋನ್ ಮಾಡಿದಾಗ ಅವ್ವ ಸಿಟ್ಟು ಮಾಡಲಿಲ್ಲ. "ಕೀಲಿ ಚಲೋನ ಐತಿ. ಆದರ ಅದು ನಂದಲ್ಲ, ನಿಂದಾತು" ಎಂದಳು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ, ಅದೂ ಆಧಾರನ್ನು ಪ್ರಶ್ನಿಸಿ ಹಾಕಿದ್ದ ಅರ್ಜಿ. ಆ ಹಕ್ಕು ಇಳಕಲ್ಲಿನ ಒಬ್ಬ ನೇಕಾರಳ ಕೈಗೆ ತಲುಪುವಾಗ ನಡುವೆ ಮಗನೊಬ್ಬ ನಿಂತಿರುತ್ತಾನೆ, ಅವನು ಫೋನ್ ಎತ್ತಬೇಕಾಗುತ್ತದೆ.

ಸ್ಮಾರ್ಟ್‌ಫೋನ್ ಕೊಡಿಸುತ್ತೇನೆಂದರೆ ಅವಳು ಒಲ್ಲೆ ಎಂದಳು. ಹುಡುಕಿದಾಗ ದಾರಿ ಅವಳ ಹಳೆಯ ಫೋನಿನಲ್ಲಿಯೇ ಇತ್ತು: ನೋಂದಾಯಿತ ಸಂಖ್ಯೆಯಿಂದ 1947ಕ್ಕೆ ಎಸ್ಸೆಮ್ಮೆಸ್ ಕಳಿಸಿಯೂ ಕೀಲಿ ತೆಗೆಯಬಹುದು. ಮೊದಲು ಗೆಟ್‌ಓಟಿಪಿ ಎಂಬ ಪದ, ಒಂದು ಜಾಗ ಬಿಟ್ಟು ಆಧಾರಿನ ಕೊನೆಯ ನಾಲ್ಕಂಕಿ. ಓಟಿಪಿ ಬಂದ ಮೇಲೆ ಅದನ್ನು ಸೇರಿಸಿ ಎರಡನೆಯ ಸಂದೇಶ. ಪದಗಳು ಇಂಗ್ಲಿಷ್ ಅಕ್ಷರದಲ್ಲಿರಬೇಕು, ಅವ್ವ ಓದಿದ್ದು ಕನ್ನಡ ನಾಲ್ಕನೆಯ ಇಯತ್ತೆ. ನಾನು ಅಕ್ಷರ ಕಲಿಸಲು ಕೂತೆ. ಅವಳು ನನ್ನ ಕಾಗದವನ್ನು ಪಕ್ಕಕ್ಕೆ ಸರಿಸಿ, "ಅಕ್ಷರ ಬ್ಯಾಡ, ಯಾವ ಗುಂಡಿ ಎಷ್ಟು ಸಲ ಒತ್ತಬೇಕು ಅಷ್ಟ ಹೇಳು" ಎಂದಳು. ನಾಲ್ಕು ಒಂದು ಸಲ, ಮೂರು ಎರಡು ಸಲ, ಎಂಟು ಒಂದು ಸಲ, ಆರು ಮೂರು ಸಲ, ಎಂಟು ಒಂದು ಸಲ, ಏಳು ಒಂದು ಸಲ. ಸೆರಗಿನ ಬುಟ್ಟಾಕ್ಕೆ ಎಳೆ ಎಣಿಸಿ ಬಿಡುವವಳಿಗೆ ಇದು ದೊಡ್ಡ ಲೆಕ್ಕವೇ ಅಲ್ಲ. ಸೀರೆಯ ಪೆಟ್ಟಿಗೆಯ ರಟ್ಟಿನ ಮೇಲೆ ಕನ್ನಡ ಅಂಕಿಗಳಲ್ಲಿ ಎರಡೂ ಪದಗಳನ್ನು ಬರೆದುಕೊಂಡಳು. ಉದ್ದದ ಎರಡನೆಯ ಪದ ಮೂರು ಸಲ ತಪ್ಪಿತು, ನಾಲ್ಕನೆಯ ಸಲಕ್ಕೆ ಉತ್ತರ ಬಂತು.

ಮುಂದಿನ ತಿಂಗಳು ಅವಳು ತನ್ನ ಮುಂದೆ ಇಬ್ಬರು ಉಳಿದಿರುವಾಗ ಸಂದೇಶ ಕಳಿಸಿ, ಕೀಲಿ ತೆಗೆದು, ಹೆಬ್ಬೆಟ್ಟು ಒತ್ತಿದಳು. ಹೊಂದಲಿಲ್ಲ. ತಲೆಗೂದಲಿಗೆ ಒರೆಸಿಕೊಂಡು ಎಡಗೈಯ ಉಂಗುರಬೆರಳಿಟ್ಟಾಗ ಚೀಟಿ ಹೊರಬಂತು.

ಜನವರಿಯಲ್ಲಿ ಊರಿಗೆ ಹೋದಾಗ ಇತಿಹಾಸದ ಪಟ್ಟಿಯನ್ನು ಅವಳ ಎದುರಿಗೇ ತೆರೆದೆ. ರೇಷನ್ನಿನ ಸಾಲುಗಳಿದ್ದವು, ಎಂದಿನಂತೆ 300. ಅವುಗಳ ನಡುವೆ ಡಿಸೆಂಬರಿನ ಒಂದು ಮಧ್ಯಾಹ್ನದ ಒಂದು ಸಾಲು, ಯಾವುದೋ ಬ್ಯಾಂಕಿನ ಹೆಸರು, ಬೆರಳಚ್ಚು, 330. ಆ ದಿನ ಅವ್ವ ಎಲ್ಲಿಯೂ ಬೆರಳಿಟ್ಟಿರಲಿಲ್ಲ. ಗೌಡರ ಮನೆಯ ಮದುವೆಯ ಸೀರೆ ಮಗ್ಗದ ಮೇಲಿತ್ತು, ಬೆಳಗಿನಿಂದ ಕುಣಿಯಿಂದ ಎದ್ದಿರಲಿಲ್ಲ. ಅವಳು ನನ್ನಿಂದ ಪೆನ್ನು ಇಸಿದುಕೊಂಡು, ಗೋಡೆಯ ಹಳೆಯ ಕ್ಯಾಲೆಂಡರನ್ನು ಒಂದು ಹಾಳೆ ಹಿಂದಕ್ಕೆ ಮಗುಚಿ, ರೇಷನ್ ತಂದ ದಿನಕ್ಕೆ ಹಾಕಿದ್ದ ಗುರುತಿನ ಕೆಳಗಿನ ವಾರದಲ್ಲಿ ಆ ತಾರೀಖಿಗೆ ಒಂದು ಸುತ್ತು ಹಾಕಿ, ಒಳಗೆ ವೇಳೆಯನ್ನೂ ಬರೆದಳು.